ಕಿತ್ತಳೆಯ ಸಿಪ್ಪೆ ಮತ್ತು ಚಹದ ಬಟ್ಟಲು

ಕೊಡಗೆಂದೊಡನೆ ಎಲ್ಲರಿಗೂ ನೆನಪಾಗುವುದು ಕಾಫಿ. ಬೆಲ್ಲದ ಕಾಫಿಯಿಂದ ಬೆಳಗನ್ನು ಕಾಣುವ ನಾಡಿನಲ್ಲಿ ಕುಳಿತು ಚಹದ ವಿಚಾರವನ್ನೆತ್ತುವುದು ಧಾರ್ಷ್ಟ್ಯವೆಂದು ವಾಚಕ ಮಹಾಶಯರು ನಕ್ಕರೆ ನಮಗೆ ಬೇಸರವಿಲ್ಲ. ಆದರೆ ದಕ್ಷಿಣ ಕೊಡಗಿನ ಗ್ಲೆನ್‌ಲೋರ್ನಾ ತೋಟದಲ್ಲಿ ಚಹವೂ ಬೆಳೆದು ಬಂದಿದೆ. ಕಿತ್ತಳೆಯಂತೂ ಈ ನಾಡಿನ ಕೀರ್ತಿಫಲವೇ ಸರಿ. ಇವೆರಡರ ಮೈತ್ರಿಯನ್ನು ನಮ್ಮ ಅಡಿಗೆಮನೆಯಲ್ಲಿ ಪರೀಕ್ಷಿಸಿ ಕಂಡುದನ್ನು ಇಲ್ಲಿ ನಿವೇದಿಸುತ್ತೇವೆ.

ಮೊದಲು ನಮ್ಮ ಸೋಲನ್ನು ಹೇಳಿಬಿಡುವುದು ಲೇಸು. ಒಂದು ಪುಷ್ಯಮಾಸದಲ್ಲಿ ಅತಿಥಿಗಳು ಬಂದಾಗ, ಹಾಲು ಬೆರೆತ ಚಹಕ್ಕೆ ಕಿತ್ತಳೆಯ ರಸವನ್ನು ಹಿಂಡಿದೆವು. ಕ್ಷಣಾರ್ಧದಲ್ಲಿ ಹಾಲು ಒಡೆಯಿತು. ಕ್ಷೀರವು ದಧಿಯಾಗುವ ದೃಷ್ಟಾಂತವನ್ನು ಎಷ್ಟೋ ವರ್ಷ ಪಾಠ ಹೇಳಿದ ನಾವೇ, ಹುಳಿ ತಾಕಿದರೆ ಹಾಲು ನಿಲ್ಲದೆಂಬುದನ್ನು ಮರೆತಿದ್ದೆವು! ಮನೆಯವರು ಮಾತಿಲ್ಲದೆ ಬಟ್ಟಲುಗಳನ್ನು ಒಳಗೊಯ್ದು, ಬೆಲ್ಲದ ಕಾಫಿಯನ್ನು ತಂದಿಟ್ಟು ಮಾನವನ್ನುಳಿಸಿದರು.

ಕಿತ್ತಳೆಯ ಪರಿಮಳದ ನೆಲೆ ರಸವಲ್ಲ, ಸಿಪ್ಪೆಯ ಹೊರಮೈಯಲ್ಲಿರುವ ತೈಲ. ಆದುದರಿಂದ ಸಿಪ್ಪೆಯನ್ನು ತೊಳೆದು, ಒಳಗಿನ ಕಹಿಯಾದ ಬಿಳಿಯ ಭಾಗವನ್ನು ಕೆರೆದು, ಸಣ್ಣಗೆ ಹೆಚ್ಚಿ, ಗಾಳಿಯಾಡುವ ನೆರಳಿನಲ್ಲಿ ಒಣಗಿಸಬೇಕು. ಮುರಿದರೆ ಲಟ್ಟೆನ್ನಬೇಕು, ತೇವವುಳಿದರೆ ಬೂಷ್ಟು ಹಿಡಿಯುವುದು. ಒಲೆಯ ಮೇಲಣ ಅಟ್ಟದಲ್ಲಿ ಇಡಲಾಗದು, ಹೊಗೆಯ ವಾಸನೆ ಹತ್ತುತ್ತದೆ. ಔಷಧಿ ಸಿಂಪಡಿಸಿದ ಹಣ್ಣಿನ ಸಿಪ್ಪೆಯನ್ನು ಬಳಸಲೇಬಾರದು.

ನಾಲ್ಕು ಪಾಲು ಚಹದೆಲೆಗೆ ಒಂದು ಪಾಲು ಸಿಪ್ಪೆಯನ್ನು ಬೆರಸಿ, ಗಾಜಿನ ಭರಣಿಯಲ್ಲಿ ಬಿಗಿಯಾಗಿ ಮುಚ್ಚಿ ಒಂದು ವಾರವಿಡಬೇಕು. ಚಹದೆಲೆಯು ಸಂಗಗುಣವನ್ನೂ ಸಂಗದೋಷವನ್ನೂ ಬೇಗನೆ ಗ್ರಹಿಸುವಂಥದು. ಇಂಗಿನ ಡಬ್ಬಿಯ ನೆರೆ ಅದಕ್ಕೆ ಸಲ್ಲದು. ಬಟ್ಟಲಿಗೊಂದು ಚಿಕ್ಕ ಚಮಚದಂತೆ ಹಾಕಿ, ಕುದಿಯುವ ನೀರೆರೆದು, ಮುಚ್ಚಿಟ್ಟು, 3–4 ನಿಮಿಷದಲ್ಲಿ ಸೋಸಬೇಕು. ಹಾಲು ಬೇಡ.

ರುಚಿ ನೋಡುವುದಕ್ಕೂ ಕ್ರಮವುಂಟು. ಬರಿಯ ಚಹ, 3 ನಿಮಿಷದ ಮಿಶ್ರಣ, 8 ನಿಮಿಷದ ಮಿಶ್ರಣ, ಈ ಮೂರನ್ನೂ ಸಿಹಿಯಿಲ್ಲದೆ ಸಾಲಾಗಿಟ್ಟು ಗುಟುಕರಿಸಿರಿ. ಷಡ್ರಸಗಳಲ್ಲಿ ಕಷಾಯವೆಂದರೇನೆಂಬುದನ್ನು ಮೂರನೆಯ ಬಟ್ಟಲು ನಾಲಗೆಯನ್ನು ಹಿಡಿದು ಬೋಧಿಸುತ್ತದೆ. ಬಳಿಕ ಎರಡನೆಯದಕ್ಕೆ ಜಜ್ಜಿದ ಒಂದು ಏಲಕ್ಕಿಯನ್ನೂ ತುಸು ಜೇನನ್ನೂ ಕೂಡಿಸಿದರೆ ಸಾಕು. ಚೆಟ್ಟಳ್ಳಿಯ ತೋಟಗಾರಿಕಾ ಕೇಂದ್ರದಿಂದ ಬಂದ ‘ಕಾವೇರಿ’ ಎಂಬ ಪ್ಯಾಶನ್ ಹಣ್ಣಿನ ತಿರುಳನ್ನು ಸೋಸಿದ ಚಹಕ್ಕೆ ಹಾಕಿದರೆ, ಹುಳಿಯ ಯೋಗದಿಂದ ಬಣ್ಣವು ತಿಳಿಯಾಗುವುದನ್ನು ಮಕ್ಕಳು ಕುತೂಹಲದಿಂದ ನೋಡುವರು.

ಇಷ್ಟು ಶ್ರಮ ಒಂದು ಸಿಪ್ಪೆಗಾಗಿಯೇ ಎಂದು ಕೇಳುವಿರಾದರೆ, ಹೌದು. 2005–06ರ ಸಾಲಿನಲ್ಲಿ ಕೊಡಗಿನ ಕಿತ್ತಳೆಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು; ಆದರೆ ಹೆಸರು ಬರುವಷ್ಟರಲ್ಲಿ ಮರಗಳೇ ವಿರಳವಾಗಿದ್ದವು. ಚಿಕ್ಕ ಜಿಗಿಹುಳುವಿನಿಂದ ಹರಡುವ ‘ಗ್ರೀನಿಂಗ್’ ರೋಗವು ಕಾಫಿತೋಟಗಳ ನಡುವಣ ಕಿತ್ತಳೆಯನ್ನು ಬಹುವಾಗಿ ನಾಶಮಾಡಿದೆ. ನಮ್ಮ ಹಿತ್ತಲಿನ ಎರಡು ಮರಗಳಲ್ಲೊಂದು ಎಲೆ ಹಳದಿಯಾಗಿ ಸತ್ತಿತು. ಉಳಿದುದು ಈ ಸಲ ಕೊಟ್ಟುದು ಒಂದು ಬುಟ್ಟಿಯಷ್ಟೆ. ತೊಳೆಗಳನ್ನು ಮೊಮ್ಮಕ್ಕಳು ತಿಂದು ಮುಗಿಸಿದರು, ಸಿಪ್ಪೆಗಳು ಭರಣಿಯಲ್ಲಿವೆ. ಸತ್ತ ಮರದಿಂದ ದೂರವಾಗಿ ರೋಗವಿಲ್ಲದ ಸಸಿಯೊಂದನ್ನು ನೆಟ್ಟಿದ್ದೇವೆ. ಅದು ಫಲ ಕೊಡುವವರೆಗೆ, ಆಟಿಯ ಮಳೆಯ ಸಂಜೆಗಳಲ್ಲಿ ಭರಣಿಯ ಮುಚ್ಚಳ ತೆಗೆದರೆ ಪುಷ್ಯಮಾಸದ ಹಿತ್ತಲು ಮನೆಯೊಳಗೆ ಬರುವುದು. ಅಷ್ಟಾದರೂ ಉಳಿಯಲಿ.