ಮಲ್ಪೆಯ ದ್ವೀಪದಲ್ಲಿ ಒಂದು ಹಗಲು

ರಜೆ ಸಿಕ್ಕರೆ ಹೈದರಾಬಾದಿನ ಕನ್ನಡಿಗರಾದ ನಾವು ಹೋಗುವ ಊರುಗಳು ಬೆರಳೆಣಿಕೆಯವು. ಮಂತ್ರಾಲಯ, ತಿರುಪತಿ, ಗಾಣಗಾಪುರ, ಇಲ್ಲವೇ ಅಜ್ಜನ ಊರಿನ ಜಾತ್ರೆ. ಸಮುದ್ರವೆಂಬುದು ನಮ್ಮ ಲೆಕ್ಕಕ್ಕೆ ಬಂದದ್ದೇ ಕಡಿಮೆ. ನಾಚಾರಂ ಇರುವುದು ದಖ್ಖಣದ ಬಂಡೆಯ ಮೇಲೆ, ಸಮುದ್ರಮಟ್ಟದಿಂದ 500 ಮೀಟರಿನಷ್ಟು ಎತ್ತರದಲ್ಲಿ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ನೀರೆಂದರೆ ಹುಸೇನ್ ಸಾಗರ. ದೋಣಿಯೆಂದರೆ ಲುಂಬಿನಿ ಪಾರ್ಕಿನಿಂದ ಬುದ್ಧನ ವಿಗ್ರಹದವರೆಗೆ ಹೋಗಿಬರುವ ಲಾಂಚು.

ಹೀಗಿರಲು, ಕಳೆದ ಸಂಕ್ರಾಂತಿಯ ರಜೆಯಲ್ಲಿ ನಾಚಾರಂ, ಮಲ್ಲಾಪುರ, ಹಬ್ಸಿಗುಡದ ಕಡೆಯ ಆರು ಸಂಸಾರಗಳವರು ಕೂಡಿ ಉಡುಪಿಗೆ ಹೋದೆವು. ಅಲ್ಲಿಯ ಮಲ್ಪೆ ಬಂದರಿನಿಂದ ಒಂದು ದೋಣಿಯನ್ನು ನಮಗಾಗಿಯೇ ಗೊತ್ತುಮಾಡಿಕೊಂಡು ಸೇಂಟ್ ಮೇರಿಸ್ ದ್ವೀಪವನ್ನು ನೋಡಿ ಬಂದೆವು. ದೊಡ್ಡವರು ಹದಿನಾಲ್ಕು ಮಂದಿ, ಮಕ್ಕಳು ಒಂಬತ್ತು. “ದ್ವೀಪ, ಬಾಡಿಗೆ ದೋಣಿ, ಇವೆಲ್ಲ ಗುಮಾಸ್ತರ ಮನೆಗೆ ಹೊಂದುವ ಮಾತೇ?” ಎಂದು ಕೇಳಿದವರುಂಟು. ಹೊಂದುತ್ತದೆ ಎಂಬುದನ್ನೂ, ಯಾವ ಷರತ್ತಿನ ಮೇಲೆ ಹೊಂದುತ್ತದೆ ಎಂಬುದನ್ನೂ ವಾಚಕರಿಗೆ ತಿಳಿಸುವುದಕ್ಕಾಗಿ ಈ ಲೇಖನ.

ಕಾಚಿಗುಡದಲ್ಲಿ ನಾವು ಹತ್ತಿದ ರೈಲು ಕರ್ನೂಲು, ಕಡಪ, ಕೊಯಮತ್ತೂರು, ಪಾಲಕ್ಕಾಡುಗಳನ್ನು ಬಳಸಿಕೊಂಡು ಮಂಗಳೂರಿಗೆ ಹೋಗುವಂಥದು. ಕನ್ನಡನಾಡಿಗೆ ಹೊರಟ ನಾವು ತೆಲಂಗಾಣ, ಆಂಧ್ರ, ತಮಿಳುನಾಡು, ಕೇರಳಗಳನ್ನೆಲ್ಲ ಕಂಡ ಮೇಲೆ ಕಟ್ಟಕಡೆಗೆ ಕರ್ನಾಟಕವನ್ನು ಮುಟ್ಟಿದೆವು! ಕಾಸರಗೋಡಿನ ನಿಲ್ದಾಣ ಬಂದಾಗ ನಮ್ಮ ಗುಂಪಿನ ಹಿರಿಯರೊಬ್ಬರು ಮಕ್ಕಳನ್ನು ಕಿಟಕಿಯ ಬಳಿಗೆ ಕರೆದು ಒಂದು ಮಾತು ಹೇಳಿದರು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾಗಿ ಬೀದರ, ಗುಲ್ಬರ್ಗ, ರಾಯಚೂರು ಮೈಸೂರಿಗೆ ಸೇರಿದವು. ಹೈದರಾಬಾದಿನ ಕನ್ನಡಿಗರು ಇಲ್ಲಿಯೇ ಉಳಿದರು. ಅದೇ ದಿನ ಕಾಸರಗೋಡು ಕೇರಳದ ಪಾಲಾಯಿತು. “ನಮಗೂ ಇವರಿಗೂ ಒಂದೇ ಹುಟ್ಟುಹಬ್ಬ” ಎಂದು ಅವರು ನಕ್ಕರು. ಮುಂದೆ ಗೋವಿಂದ ಪೈಗಳ ಮಂಜೇಶ್ವರ. ಅದನ್ನು ದಾಟಿದರೆ ಮಂಗಳೂರು. ಅಲ್ಲಿಂದ ಉಡುಪಿಗೆ ಬಸ್ಸಿನಲ್ಲಿ ಸುಮಾರು 60 ಕಿಲೋಮೀಟರು.

ಉಡುಪಿಯಲ್ಲಿ ಕೃಷ್ಣನ ದರ್ಶನ ಮಾಡದೆ ಮುಂದೆ ಹೋಗುವವರು ನಮ್ಮಲ್ಲಿ ಯಾರೂ ಇರಲಿಲ್ಲ. ಆ ಕೃಷ್ಣನಿಗೂ ಮಲ್ಪೆಗೂ ನಂಟಿದೆ. ಬಿರುಗಾಳಿಗೆ ಸಿಕ್ಕಿದ ಹಡಗೊಂದನ್ನು ಮಧ್ವಾಚಾರ್ಯರು ಮಲ್ಪೆಯ ದಡದಿಂದ ಪಾರುಮಾಡಿದರೆಂದೂ, ಹಡಗಿನವನು ಒಪ್ಪಿಸಿದ ಗೋಪೀಚಂದನದ ಗಡ್ಡೆಯಲ್ಲಿ ಕೃಷ್ಣನ ವಿಗ್ರಹ ದೊರೆಯಿತೆಂದೂ ಐತಿಹ್ಯ. ಮಲ್ಪೆಯ ದಡದಲ್ಲಿಯೇ ವಡಭಾಂಡೇಶ್ವರದ ಬಲರಾಮನ ಗುಡಿಯಿದೆ. ಅಣ್ಣ ಕಡಲ ತಡಿಯಲ್ಲಿ, ತಮ್ಮ ಪೇಟೆಯ ನಡುವೆ!

ಮಲ್ಪೆಯಿಂದ ದ್ವೀಪಕ್ಕೆ ಹೋಗಲು ಎರಡು ದಾರಿಗಳು. ಒಂದು, ತಲೆಗಿಷ್ಟು ಎಂದು ಹಣಕೊಟ್ಟು ಸಾರ್ವಜನಿಕ ದೋಣಿಯಲ್ಲಿ ಹೋಗಿ, ಅವರು ಹೇಳಿದ ಹೊತ್ತಿಗೆ ಹಿಂದಿರುಗುವುದು. ಇನ್ನೊಂದು, ದೋಣಿಯನ್ನೇ ಹಿಡಿಯುವುದು. ಬಾಡಿಗೆ ಇಡೀ ದೋಣಿಗೆ ಒಂದೇ ಆದ್ದರಿಂದ ಒಂದು ಸಂಸಾರಕ್ಕೆ ಅದು ಭಾರ. ಆರು ಸಂಸಾರಗಳು ಹಂಚಿಕೊಂಡರೆ ಒಬ್ಬೊಬ್ಬರ ಪಾಲಿಗೆ ಬರುವುದು ಒಂದು ಸಾದಾ ಸೀರೆಯ ಬೆಲೆ. ಊಟದ ಡಬ್ಬಿ, ನೀರಿನ ಕೊಡ, ಬದಲಿ ಬಟ್ಟೆ ಎಲ್ಲವನ್ನೂ ದೋಣಿಯಲ್ಲಿಯೇ ಇಡಬಹುದು. ವಯಸ್ಸಾದವರು ದಣಿದರೆ ದೋಣಿಯಲ್ಲಿ ನೆರಳುಂಟು.

ಬೆಳಗ್ಗೆ ಬಂದರಿಗೆ ಹೋದಾಗ ರಾತ್ರಿ ಕಡಲಿಗೆ ಹೋದ ದೋಣಿಗಳು ಮೀನು ಇಳಿಸುತ್ತಿದ್ದವು. ಬಂಗುಡೆ, ಬೂತಾಯಿಗಳ ರಾಶಿ, ಪುಡಿಮಾಡಿದ ಮಂಜುಗಡ್ಡೆ, ಬುಟ್ಟಿ ಹೊತ್ತ ಹೆಂಗಸರ ಜೋರು ಮಾತು. ನಮ್ಮಲ್ಲಿ ಕೆಲವರು ಸೆರಗನ್ನು ಮೂಗಿಗೆ ಒತ್ತಿಕೊಂಡರು. ಮಕ್ಕಳು ಮಾತ್ರ ಅಲ್ಲಿಂದ ಕದಲಲೊಲ್ಲರು. ನಮ್ಮ ದೋಣಿಯ ತಂಡೇಲರು ಐವತ್ತರ ಆಸುಪಾಸಿನ ಮೊಗವೀರರು. ಮನೆಮಾತು ತುಳು, ನಮ್ಮೊಡನೆ ಆಡಿದ್ದು ಅಚ್ಚುಕಟ್ಟಾದ ಕನ್ನಡ. ಮೊದಲ ಕೆಲಸವೆಂದು ಇಪ್ಪತ್ತಮೂರು ಜನರಿಗೂ ತೇಲಂಗಿ ಹಾಕಿಸಿ, ಒಂದೊಂದರ ಪಟ್ಟಿಯನ್ನೂ ತಾವೇ ಎಳೆದು ನೋಡಿದರು.

ದ್ವೀಪ ಅಲ್ಲಿಂದ ಸುಮಾರು 6 ಕಿಲೋಮೀಟರು ದೂರ. ನೀರು ಆಳವಿಲ್ಲದ ಕಡೆ ದೊಡ್ಡ ದೋಣಿ ನಿಂತಿತು. ಐದಾರು ಜನರಂತೆ ಚಿಕ್ಕ ದೋಣಿಗಿಳಿದು ದಡ ಸೇರಿದೆವು. ರಾಯಚೂರು ಜಿಲ್ಲೆಯ ಲಿಂಗಸುಗೂರಿನ ಕಡೆಯ, ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ನಮ್ಮೊಡನಿದ್ದರು. ಸಮುದ್ರವನ್ನು ಕಂಡದ್ದು ಅವರಿಗೆ ಇದೇ ಮೊದಲು. ಬಹಳ ಹೊತ್ತು ನೋಡಿ, “ಇಷ್ಟು ನೀರು ಇಟಗೊಂಡು ಕುಡಿಯಾಕ ಒಂದು ತಂಬಿಗಿ ಇಲ್ಲಂದ್ರ ಹ್ಯಾಂಗ?” ಎಂದರು. ಕೊಡ ಹೊತ್ತು ಮೈಲಿಗಟ್ಟಲೆ ನಡೆದವರ ಪ್ರಶ್ನೆ ಅದು, ಯಾರೂ ನಗಲಿಲ್ಲ.

ಇಲ್ಲಿ ನಾಲ್ಕು ಮುಖ್ಯ ದ್ವೀಪಗಳಿವೆ. ಜನ ಹೋಗುವುದು ತೆಂಗಿನ ಮರಗಳಿರುವ ಒಂದಕ್ಕೆ. ಊರವರು ಅದನ್ನು ತೋನ್ಸೆ ಪಾರ್ ಎನ್ನುತ್ತಾರೆ. ಉದ್ದ ಸುಮಾರು ಅರ್ಧ ಕಿಲೋಮೀಟರು, ಅಗಲ 100 ಮೀಟರು. ಮನೆಗಳಿಲ್ಲ, ರಾತ್ರಿ ತಂಗುವಂತಿಲ್ಲ. ಪಕ್ಕದ ದರಿಯಾ ಬಹಾದೂರ್ ಗಡದಲ್ಲಿ ಬಿದನೂರಿನ ನಾಯಕರ ಕಾಲದ ಕೋಟೆಯ ಅವಶೇಷಗಳಿವೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿಮಾತೆಯ ಹೆಸರಿಟ್ಟನೆಂದು ಪ್ರತೀತಿ.

ಆದರೆ ದ್ವೀಪದ ನಿಜವಾದ ಬೆರಗು ಅದರ ಕಲ್ಲು. ಯಾರೋ ಕಲ್ಲುಕುಟಿಗರು ಅಳೆದು ಕಡೆದು ಒತ್ತಾಗಿ ನಿಲ್ಲಿಸಿದಂತೆ ಐದು, ಆರು, ಏಳು ಮುಖಗಳ ಕಂಬಗಳು! ಭೂಮಿಯೊಳಗಿಂದ ಉಕ್ಕಿದ ಲಾವಾರಸ ತಣ್ಣಗಾಗುತ್ತ ಕುಗ್ಗಿತು. ಬೇಸಗೆಯಲ್ಲಿ ಕೆರೆಯ ಕೆಸರು ಒಣಗಿ ಹೇಗೆ ಬಿರುಕು ಬಿಡುತ್ತದೆಯೋ ಹಾಗೆಯೇ ಅದೂ ಬಿರಿಯಿತು. ಬಿರುಕುಗಳು ಕೆಳಕ್ಕಿಳಿದಂತೆ ಕಂಬಗಳಾದವು. ಇದು ನಡೆದದ್ದು ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಭಾರತವೂ ಮಡಗಾಸ್ಕರವೂ ಇನ್ನೂ ಅಂಟಿಕೊಂಡಿದ್ದು ಬೇರೆಯಾಗುವ ಕಾಲದಲ್ಲಿ ಎಂದು ಭೂವಿಜ್ಞಾನಿಗಳು ಲೆಕ್ಕಹಾಕಿದ್ದಾರೆ. ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಲಾಗಿದೆ. “ಹಾಗಾದರೆ ನಮ್ಮ ಮೌಲಾ ಅಲಿ ಗುಡ್ಡಕ್ಕೆ ಎಷ್ಟು ವರ್ಷ?” ಎಂದು ಒಬ್ಬ ಹುಡುಗ ಕೇಳಿದ. ಹೈದರಾಬಾದಿನ ಬೆಣಚುಗಲ್ಲಿಗೆ ಸುಮಾರು 250 ಕೋಟಿ ವರ್ಷ. ನಾಚಾರಂನ ಮಗ್ಗುಲಲ್ಲಿಯೇ ಇರುವ ಆ ಗುಡ್ಡದ ಮುಂದೆ ಈ ದ್ವೀಪ ನಿನ್ನೆ ಮೊನ್ನೆಯ ಕೂಸು! ಮನೆಯ ಹತ್ತಿರದ ಬಂಡೆಗೆ ಬೆಲೆ ಬರಬೇಕಾದರೆ ಕಡಲಿನವರೆಗೆ ಬರಬೇಕಾಯಿತು.

ಮಕ್ಕಳು ಚಿಪ್ಪುಗಳನ್ನು ಆರಿಸುತ್ತಿದ್ದರು. ಹನ್ನೊಂದೂವರೆಯ ಹೊತ್ತಿಗೆ ತಂಡೇಲರು ಬಂದು, “ಇನ್ನು ಹೊರಡುವ. ಗಾಳಿ ತಿರುಗ್ತಾ ಉಂಟು. ಇನ್ನು ತಡವಾದ್ರೆ ಮಕ್ಕಳನ್ನು ಸಣ್ಣ ದೋಣಿಯಿಂದ ದೊಡ್ಡದಕ್ಕೆ ಹತ್ತಿಸ್ಲಿಕ್ಕೆ ಕಷ್ಟ” ಎಂದರು. ಮಾತಾಗಿದ್ದುದು ಸಂಜೆ ನಾಲ್ಕರವರೆಗೆ, ಬಾಡಿಗೆಯೂ ಅಷ್ಟಕ್ಕೇ. ಆಕಾಶದಲ್ಲಿ ಒಂದು ಮೋಡವಿಲ್ಲ. ನಮ್ಮಲ್ಲಿ ಗುಸುಗುಸು ಎದ್ದಿತು. ಅರ್ಧ ದಿನದ ಹಣ ಹಿಂದಕ್ಕೆ ಕೊಡಲಿ ಎಂದು ಒಬ್ಬರು, ಒಂದು ಗಂಟೆ ತಡೆದರೆ ಏನಾಗುತ್ತದೆ ಎಂದು ಇನ್ನೊಬ್ಬರು. ತಂಡೇಲರು ವಾದಿಸಲಿಲ್ಲ, ಪಡುವಣ ದಿಕ್ಕಿಗೆ ನೋಡುತ್ತ ನಿಂತರು.

ಅವರು ನೋಡುತ್ತಿದ್ದುದು ಏನೆಂಬುದನ್ನು ಬಯಲುಸೀಮೆಯವರು ತಿಳಿಯಬೇಕು. ರಾತ್ರಿ ನೆಲ ಬೇಗ ತಣಿಯುವುದರಿಂದ ಬೆಳಗಿನ ಗಾಳಿ ನೆಲದಿಂದ ಕಡಲಿಗೆ ಮೆಲ್ಲಗೆ ಬೀಸುತ್ತದೆ, ನೀರು ಶಾಂತ. ಬಿಸಿಲೇರಿದಂತೆ ನೆಲ ನೀರಿಗಿಂತ ಬೇಗ ಕಾಯುತ್ತದೆ. ಅಲ್ಲಿಯ ಗಾಳಿ ಹಗುರಾಗಿ ಮೇಲೇರಿದಾಗ ಕಡಲ ಗಾಳಿ ಒಳಕ್ಕೆ ನುಗ್ಗುತ್ತದೆ. ಅದರೊಡನೆ ಅಲೆ ಏಳುತ್ತದೆ. ಇದು ಪ್ರತಿದಿನದ ವ್ಯವಹಾರ. ಯಾವ ದಿನ ಎಷ್ಟು ಜೋರು ಎಂಬುದು ಮಾತ್ರ ಕಡಲಿನಲ್ಲೇ ಬಾಳಿದವರಿಗೆ ತಿಳಿಯುವಂಥದು. ಮಲ್ಪೆ ಕಡಲಿಗೆ ದುಬಾರಿ ಬೆಲೆ ತೆತ್ತ ಊರು. 2018ರ ಡಿಸೆಂಬರಿನಲ್ಲಿ ಇಲ್ಲಿಂದ ಏಳು ಮಂದಿ ಮೀನುಗಾರರೊಡನೆ ಹೊರಟ ‘ಸುವರ್ಣ ತ್ರಿಭುಜ’ ಹಿಂದಿರುಗಲಿಲ್ಲ. ಮರುವರ್ಷ ಮಹಾರಾಷ್ಟ್ರದ ಕರಾವಳಿಯಾಚೆ ನೀರಿನಡಿ ದೋಣಿಯ ಅವಶೇಷ ಸಿಕ್ಕಿತು, ಜನ ಸಿಗಲಿಲ್ಲ.

ಜಗಳ ಹರಿಸಿದವರು ಅಜ್ಜಿ. “ರೊಕ್ಕ ಹೋದ್ರ ಬರ್ತದ. ನೀರಿನ ಮಾತು ನೀರಾಗಿನವರಿಗೇ ಗೊತ್ತು. ಅಂವ ಹೇಳಿದಾಂಗ ಕೇಳ್ರಿ, ಏಳ್ರಿ” ಎಂದು ತಾವೇ ಮೊದಲು ಎದ್ದರು. ಎಲ್ಲರೂ ಎದ್ದೆವು. ಕಡೆಯ ಸರದಿಯವರು ದೊಡ್ಡ ದೋಣಿಗೆ ಹತ್ತುವಷ್ಟರಲ್ಲಿ ಚಿಕ್ಕ ದೋಣಿ ಒಂದು ಮೊಳ ಏರಿ ಒಂದು ಮೊಳ ಇಳಿಯುತ್ತಿತ್ತು. ಹುಡುಗರನ್ನು ಒಬ್ಬೊಬ್ಬರನ್ನಾಗಿ ರಟ್ಟೆ ಹಿಡಿದು ಎತ್ತಿಕೊಂಡರು. ಹಣದ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಬಂದರಿನ ಒಳಗೆ, ನಿಂತ ದೋಣಿಯಲ್ಲಿ, ನಾಲ್ಕು ಗಂಟೆಯವರೆಗೂ ಕುಳಿತು ಚಪಾತಿ, ಚಟ್ನಿಪುಡಿ, ಮೊಸರನ್ನ ಉಂಡೆವು. ಬಲೆಯ ಹರಕನ್ನು ಹೇಗೆ ಹೆಣೆಯುತ್ತಾರೆಂದು ತಂಡೇಲರು ಮಕ್ಕಳಿಗೆ ಕಲಿಸಿದರು. ಶಾಲೆಯಲ್ಲಿ ತೆಲುಗು, ಬೀದಿಯಲ್ಲಿ ಹಿಂದಿ ಆಡುವ ಮಕ್ಕಳು ಅಂದು ಮಧ್ಯಾಹ್ನವಿಡೀ ಕನ್ನಡದಲ್ಲಿಯೇ ಪ್ರಶ್ನೆ ಕೇಳಿದರು. ಏಕೆಂದರೆ ಉತ್ತರ ಬರುತ್ತಿದ್ದುದು ಕನ್ನಡದಲ್ಲಿ.

ಹೋಗಬಯಸುವವರಿಗೆ ಕೆಲವು ಮಾತುಗಳು. ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿಯಿಲ್ಲ. ಡಿಸೆಂಬರ್, ಜನವರಿ ಒಳ್ಳೆಯ ತಿಂಗಳುಗಳು. ಬೆಳಗ್ಗೆ ಆದಷ್ಟು ಬೇಗ ಹೊರಡಿರಿ. ಕುಡಿಯುವ ನೀರನ್ನು ಧಾರಾಳವಾಗಿ ಒಯ್ಯಿರಿ. ಪ್ಲಾಸ್ಟಿಕ್ಕಿನ ಚೂರನ್ನೂ ಅಲ್ಲಿ ಬಿಡಬೇಡಿರಿ. ಪಾಚಿಗಟ್ಟಿದ ಕಂಬಗಳ ತುದಿಗೆ ಪಟ ತೆಗೆಯಲು ಯಾರನ್ನೂ ಹತ್ತಗೊಡಬೇಡಿರಿ. 2022ರ ಏಪ್ರಿಲಿನಲ್ಲಿ ಕೇರಳದಿಂದ ಬಂದ ಮೂವರು ವಿದ್ಯಾರ್ಥಿಗಳು ಈ ದ್ವೀಪದಲ್ಲಿಯೇ ನೀರುಪಾಲಾದರು. ಬಾಡಿಗೆ ಮಾತಾಡುವಾಗಲೇ, ಗಾಳಿ ಕೆಟ್ಟರೆ ಬೇಗ ಹಿಂದಿರುಗುವುದೆಂದು ನಿಮ್ಮೊಳಗೂ ದೋಣಿಯವರೊಡನೆಯೂ ಒಪ್ಪಂದ ಮಾಡಿಕೊಳ್ಳಿರಿ. ದೋಣಿ ಬಾಡಿಗೆಗೆ ಸಿಗುತ್ತದೆ, ಕಡಲು ಸಿಗುವುದಿಲ್ಲ. ಮೇಲೆ ಹೇಳಿದ ಷರತ್ತು ಇದೇ. ಅದಕ್ಕೆ ಒಪ್ಪುವ ಐದಾರು ಸಂಸಾರಗಳು ಕೂಡಿದರೆ ಮುಂದಿನ ಸಂಕ್ರಾಂತಿಗೆ ಈಗಲೇ ಸಾಂದರ್ಭಿಕ ರಜೆಯನ್ನು ಉಳಿಸಿಟ್ಟುಕೊಳ್ಳಬಹುದು.