ಊರಿನ ಬಸ್ಸು ಕತ್ತಲಲ್ಲಿ ದಾಟುವ ಘಾಟಿಗಳು: ಸೈಕಲ್ ಮೇಲೆ ಭೀಮೆ-ಕೃಷ್ಣೆಯರ ಕಣಿವೆಗೆ

ಮುಂಬಯಿ, ಪುಣೆಯಿಂದ ಬೆಳಗಾವಿ, ಹುಬ್ಬಳ್ಳಿ, ಮಂಗಳೂರು ಕಡೆಗೆ ಹೊರಡುವ ರಾತ್ರಿ ಬಸ್ಸಿನಲ್ಲಿ ಒಮ್ಮೆಯಾದರೂ ಪಯಣಿಸದ ಕನ್ನಡಿಗ ಕುಟುಂಬ ಈ ಭಾಗದಲ್ಲಿ ಸಿಗುವುದು ಕಷ್ಟ. ಕಾತ್ರಜ್ ಬಂತು, ಖಂಬಾಟ್ಕಿ ದಾಟಿತು, ಸಾತಾರ ಹೋಯಿತು ಎಂಬ ಮಾತೆಲ್ಲ ನಿದ್ದೆಗಣ್ಣಿನಲ್ಲೇ ಮುಗಿದುಹೋಗುತ್ತದೆ. ಬೆಳಗಾಗುವಾಗ ಊರಿನ ಗಡಿ ಬಂದಿರುತ್ತದೆ. ನಡುವಿನ ಬೆಟ್ಟ, ಕಣಿವೆ, ಹೊಳೆಗಳು ಮೂವತ್ತು ನಲವತ್ತು ವರ್ಷ ಇಲ್ಲಿ ಬಾಳಿದವರಿಗೂ ಅಪರಿಚಿತವಾಗಿಯೇ ಉಳಿಯುತ್ತವೆ.

ಈ ಅಪರಿಚಿತ ದಾರಿಯನ್ನು ಹಗಲು ಬೆಳಕಿನಲ್ಲಿ, ನಿಧಾನವಾಗಿ, ಸ್ವಂತ ಕಾಲಿನ ಬಲದಿಂದ ನೋಡುವವರ ಸಂಖ್ಯೆ ಇತ್ತೀಚಿನ ವರ್ಷಗಳಲ್ಲಿ ಹೆಚ್ಚುತ್ತಿದೆ. ಭಾನುವಾರ ನಸುಕಿನಲ್ಲಿ ಪುಣೆಯ ಹೊರವಲಯದ ರಸ್ತೆಗಳಲ್ಲಿ ಹೆಲ್ಮೆಟ್ ಧರಿಸಿ, ಹಿಂದೆ ಕೆಂಪು ದೀಪ ಮಿನುಗಿಸುತ್ತಾ ಸಾಲಾಗಿ ಸಾಗುವ ಸೈಕಲ್ ಸವಾರರು ಈಗ ಸಾಮಾನ್ಯ ದೃಶ್ಯ. 2026ರ ಜನವರಿ 19ರಿಂದ 23ರವರೆಗೆ ಜಿಲ್ಲೆಯ ಗುಡ್ಡ ಕಣಿವೆಗಳಲ್ಲಿ 437 ಕಿ.ಮೀ.ಗಳ ಅಂತಾರಾಷ್ಟ್ರೀಯ ‘ಪುಣೆ ಗ್ರ್ಯಾಂಡ್ ಟೂರ್’ ಸ್ಪರ್ಧೆ ನಡೆದ ಮೇಲಂತೂ ಮುಳಶಿ, ಮಾವಳ, ಪುರಂದರ ಎಂಬ ತಾಲೂಕುಗಳ ಹೆಸರು ದೂರದ ದೇಶಗಳ ಸೈಕ್ಲಿಂಗ್ ಪ್ರಿಯರಿಗೂ ಪರಿಚಯವಾಯಿತು.

ಸ್ಪರ್ಧೆಯ ಮಾತು ಪಟುಗಳಿಗಿರಲಿ. ಹೊರನಾಡ ಕನ್ನಡಿಗರಿಗೆ ಈ ದಾರಿಗಳಲ್ಲಿ ಬೇರೆಯೇ ಒಂದು ಬಾಂಧವ್ಯವಿದೆ. ಇಲ್ಲಿನ ಕಣಿವೆಗಳಲ್ಲಿ ಹುಟ್ಟುವ ನೀರು ಹರಿದು ಹೋಗುವುದು ನಮ್ಮ ಊರಿನ ಕಡೆಗೇ.

ಎರಡು ನದಿ, ನಡುವೆ ಒಂದು ಬೆಟ್ಟದ ಸಾಲು

ಪುಣೆ ನಗರದ ಮುಳಾ ಮತ್ತು ಮುಠಾ ನದಿಗಳು ಒಂದಾಗಿ ಭೀಮಾ ನದಿಯನ್ನು ಸೇರುತ್ತವೆ. ಕಾತ್ರಜ್ ಘಾಟಿ ದಾಟಿದರೆ ಮುಠಾ ಕಣಿವೆ ಮುಗಿದು, ಖೇಡ್ ಶಿವಾಪುರದ ಶಿವಗಂಗಾ ಹೊಳೆಯ ಕಣಿವೆ ಆರಂಭವಾಗುತ್ತದೆ. ಆ ನೀರು ನೀರಾ ನದಿಗೆ ಸೇರುತ್ತದೆ. ಶಿರವಳದ ಬಳಿ ಹೆದ್ದಾರಿ ದಾಟುವ ನೀರಾ ನದಿಯೇ ಪುಣೆ ಹಾಗೂ ಸಾತಾರ ಜಿಲ್ಲೆಗಳ ಗಡಿ. ಅದೂ ಮುಂದೆ ನರಸಿಂಹಪುರದಲ್ಲಿ ಭೀಮೆಯನ್ನೇ ಸೇರುತ್ತದೆ. ಪಂಢರಾಪುರದ ವಿಠಲನ ಪಾದ ತೊಳೆದು ಬರುವ ಈ ಭೀಮೆ ಕಲಬುರಗಿ ಜಿಲ್ಲೆಯ ಗಾಣಗಾಪುರದ ದತ್ತ ಕ್ಷೇತ್ರವನ್ನು ಬಳಸಿ ಹರಿಯುತ್ತಾಳೆ.

ಶಿರವಳದಿಂದ ಮುಂದೆ ಖಂಬಾಟ್ಕಿ ಘಾಟಿ. ಅದು ಭೀಮಾ ಮತ್ತು ಕೃಷ್ಣಾ ನದಿಗಳ ಜಲಾನಯನ ಪ್ರದೇಶಗಳನ್ನು ಬೇರ್ಪಡಿಸುವ ಮಹಾದೇವ ಬೆಟ್ಟಸಾಲಿನ ಒಂದು ಭಾಗ. ಘಾಟಿಯ ಈಚೆ ಬಿದ್ದ ಮಳೆಹನಿ ಭೀಮೆಗೆ, ಆಚೆ ಬಿದ್ದದ್ದು ಕೃಷ್ಣೆಗೆ. ಹೀಗೆ ಒಂದೇ ಗುಡ್ಡದ ಮೇಲೆ ಅಗಲಿದ ಎರಡು ಹನಿಗಳು ನೂರಾರು ಕಿ.ಮೀ. ಬೇರೆ ಬೇರೆ ಹರಿದು ಮತ್ತೆ ಒಂದಾಗುವುದು ರಾಯಚೂರಿನ ಉತ್ತರಕ್ಕೆ, ಕರ್ನಾಟಕ-ತೆಲಂಗಾಣ ಗಡಿಯ ಕೃಷ್ಣಾ-ಭೀಮಾ ಸಂಗಮದಲ್ಲಿ. ಬಸ್ಸಿನಲ್ಲಿ ಮಲಗಿ ಹೋಗುವವರಿಗೆ ಇದು ಭೂಗೋಳದ ಪಾಠ ಮಾತ್ರ. ಪೆಡಲ್ ತುಳಿದು ಏರಿದವರಿಗಾದರೆ ಏರು ಎಲ್ಲಿ ಮುಗಿಯಿತು, ನೀರು ಎತ್ತ ತಿರುಗಿತು ಎಂಬುದು ಕಾಲಿಗೇ ಗೊತ್ತಾಗುತ್ತದೆ.

ಮೊದಲು ಹತ್ತಿರದ ಕಣಿವೆ

ಹೊಸದಾಗಿ ಆರಂಭಿಸುವವರು ಮೊದಲ ದಿನವೇ ಘಾಟಿ ಏರಲು ಹೋಗಬಾರದು ಎಂಬುದು ಅನುಭವಿಗಳ ಒಮ್ಮತದ ಮಾತು. ಅಂಥವರಿಗೆ ಪುಣೆಯ ಪಶ್ಚಿಮಕ್ಕೆ ಖಡಕ್‌ವಾಸ್ಲಾ ಕೆರೆಯ ದಂಡೆಯಲ್ಲೇ ಸಾಗಿ ಪಾನ್‌ಶೇತ್ ಅಣೆಕಟ್ಟಿನವರೆಗೆ ಹೋಗುವ ರಸ್ತೆ ಸೂಕ್ತ. ಸಣ್ಣ ಸಣ್ಣ ಏರಿಳಿತ, ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಸಿಂಹಗಡದ ಗುಡ್ಡ. ಇದೇ ಪಾನ್‌ಶೇತ್ ಅಣೆಕಟ್ಟು 1961ರ ಜುಲೈ 12ರಂದು ಒಡೆದು ಪುಣೆ ನಗರದ ನದಿದಂಡೆಯ ಬಡಾವಣೆಗಳು ಮುಳುಗಿದ್ದನ್ನು ಹಳೆಯ ಪುಣೆಕರರು ಇಂದಿಗೂ ಮರೆತಿಲ್ಲ.

ಎರಡನೆಯದು ಮುಳಶಿ ಮಾರ್ಗ. ಪಿರಂಗುಟ್, ಪೌಡ್ ದಾಟಿ ಮುಳಶಿ ಜಲಾಶಯದ ಅಂಚಿನಲ್ಲಿ ಸಾಗುವ ಈ ರಸ್ತೆ ಮುಂದೆ ತಾಮ್ಹಿಣಿ ಘಾಟಿ ಇಳಿದು ಕೊಂಕಣದ ಮಾಣಗಾವ್ ಸೇರುತ್ತದೆ. ಈ ಅಣೆಕಟ್ಟಿನ ವಿರುದ್ಧ 1921ರಲ್ಲಿ ಸೇನಾಪತಿ ಬಾಪಟ್ ಅವರ ನೇತೃತ್ವದಲ್ಲಿ ರೈತರು ಸತ್ಯಾಗ್ರಹ ನಡೆಸಿದ್ದರು. ಪೂರ್ವಕ್ಕೆ ಹರಿದು ಭೀಮೆ ಸೇರಬೇಕಿದ್ದ ಇಲ್ಲಿನ ನೀರನ್ನು ವಿದ್ಯುತ್ತಿಗಾಗಿ ಸಹ್ಯಾದ್ರಿಯ ಪಶ್ಚಿಮಕ್ಕೆ, ಭಿರಾದ ವಿದ್ಯುದಾಗಾರಕ್ಕೆ ಇಳಿಸಲಾಗುತ್ತದೆ. ಕೃಷ್ಣಾ ನೀರಿನ ಹಂಚಿಕೆಯ ವ್ಯಾಜ್ಯದಲ್ಲಿ ಹೀಗೆ ಪಶ್ಚಿಮಕ್ಕೆ ತಿರುಗಿಸುವ ನೀರಿನ ಪ್ರಶ್ನೆಯೂ ಚರ್ಚೆಗೆ ಬಂದಿತ್ತು. ನೀರಿನ ಹಂಚಿಕೆಯ ಸುದ್ದಿಯನ್ನು ಪತ್ರಿಕೆಯಲ್ಲಿ ಓದುವವರು ಆ ನೀರನ್ನು ಕಣ್ಣಾರೆ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಬೇರೆ ಬೇಕಿಲ್ಲ.

ಭೋರ್ ದಾರಿ, ಪಸರಣಿ ಏರು

ನಾಲ್ಕಾರು ತಿಂಗಳ ಅಭ್ಯಾಸವಾದವರು ಎರಡು ದಿನಗಳ ಸವಾರಿಗೆ ಮನಸ್ಸು ಮಾಡಬಹುದು. ಹಳೆಯ ಕಾತ್ರಜ್ ಘಾಟಿ ಏರಿ, ಕಾಪುರಹೋಳದಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಿದರೆ ಭೋರ್ ಪಟ್ಟಣ. ಸಮೀಪದಲ್ಲೇ ಬ್ರಿಟಿಷರ ಕಾಲದ ಭಾಟಘರ್ ಅಣೆಕಟ್ಟು. ಭೋರ್‌ನಿಂದ ಮಾಂಢರದೇವಿ ಬೆಟ್ಟ ಏರಿ ಇನ್ನೊಂದು ಬದಿಗೆ ಇಳಿದರೆ ಕೃಷ್ಣಾ ತೀರದ ವಾಯಿ. ಖಂಬಾಟ್ಕಿಯಲ್ಲಿ ಹೆದ್ದಾರಿ ದಾಟುವ ಬೆಟ್ಟಸಾಲನ್ನೇ ಇಲ್ಲಿ ಹಳ್ಳಿ ರಸ್ತೆಯಲ್ಲಿ ದಾಟಿದಂತಾಗುತ್ತದೆ. ಏರು ಕಡಿದಾಗಿದ್ದರೂ ಲಾರಿಗಳ ಕಾಟ ಕಡಿಮೆ. ದಾರಿಯಲ್ಲಿ ಕಬ್ಬು, ಭತ್ತದ ಗದ್ದೆಗಳು, ಚಿಕ್ಕ ಹೋಟೆಲುಗಳಲ್ಲಿ ಬಿಸಿ ಪೋಹೆ, ಪಿಠಲಾ-ಭಾಕರಿ. ಜೋಳದ ರೊಟ್ಟಿ ಉಂಡು ಬೆಳೆದ ಉತ್ತರ ಕರ್ನಾಟಕದವರಿಗೆ ಭಾಕರಿಯ ತಟ್ಟೆ ಊರಿನ ನೆನಪು ತಾರದೆ ಇರದು.

ವಾಯಿಯಲ್ಲಿ ಕೃಷ್ಣೆ ಇನ್ನೂ ಸಣ್ಣ ಹೊಳೆ. ಕಲ್ಲಿನ ಮೆಟ್ಟಿಲುಗಳ ಘಾಟ್, ದಡದಲ್ಲಿ ಢೋಲ್ಯಾ ಗಣಪತಿಯ ಗುಡಿ. ಆಲಮಟ್ಟಿಯಲ್ಲಿ ಸಮುದ್ರದಂತೆ ನಿಲ್ಲುವ ಕೃಷ್ಣೆಯನ್ನು ಕಂಡವರು ಇಲ್ಲಿ ಅವಳನ್ನು ಗುರುತಿಸುವುದೇ ಕಷ್ಟ.

ವಾಯಿಯಿಂದ ಪಂಚಗಣಿಗೆ ಏರುವ ಪಸರಣಿ ಘಾಟಿ ಸವಾರರ ನಿಜವಾದ ಪರೀಕ್ಷೆ. ಲೆಕ್ಕ ಸರಳ: ಸುಮಾರು 12 ಕಿ.ಮೀ. ದೂರದಲ್ಲಿ 550 ಮೀಟರಿಗೂ ಹೆಚ್ಚು ಏರಬೇಕು. ಎಂದರೆ ಪ್ರತಿ 100 ಮೀಟರ್ ರಸ್ತೆಗೆ ಸರಾಸರಿ ನಾಲ್ಕೂವರೆ ಮೀಟರ್ ಎತ್ತರ. ಕೇಳಲು ಸಣ್ಣ ಸಂಖ್ಯೆ. ತುಳಿಯುವಾಗ ಬೆವರು ಇಳಿಯುತ್ತದೆ. ಇಲ್ಲಿ ಅವಸರ ಪಡದೆ, ಮುಂದೆ ಚಿಕ್ಕ, ಹಿಂದೆ ದೊಡ್ಡ ಹಲ್ಲುಚಕ್ರಕ್ಕೆ ಗೇರ್ ಹಾಕಿ, ಪಕ್ಕದವರೊಡನೆ ಮಾತನಾಡಲು ಸಾಧ್ಯವಾಗುವಷ್ಟು ಉಸಿರು ಉಳಿಸಿಕೊಂಡು ತುಳಿಯಬೇಕು. ಮಾತು ನಿಂತರೆ ವೇಗ ಹೆಚ್ಚಾಯಿತೆಂದೇ ಅರ್ಥ. ನಡುವೆ ಇಳಿದು ಸೈಕಲ್ ತಳ್ಳಿದರೆ ಅವಮಾನವೇನೂ ಇಲ್ಲ.

ಪಂಚಗಣಿಯಿಂದ ಮಹಾಬಳೇಶ್ವರಕ್ಕೆ ಹೆಚ್ಚು ಏರಿಲ್ಲ. ಸ್ಟ್ರಾಬೆರಿ ತೋಟಗಳ ನಡುವೆ ಏರಿಳಿಯುತ್ತಾ ಸಾಗುವ ಸುಮಾರು 19 ಕಿ.ಮೀ. ದಾರಿ. ಹಳೆ ಮಹಾಬಳೇಶ್ವರದ ಪಂಚಗಂಗಾ ದೇವಸ್ಥಾನದಲ್ಲಿ ಕೃಷ್ಣಾ, ಕೊಯ್ನಾ, ವೆಣ್ಣಾ, ಸಾವಿತ್ರಿ, ಗಾಯತ್ರಿ ಎಂಬ ಐದು ನದಿಗಳ ಉಗಮವೆಂಬ ನಂಬಿಕೆಯಿದ್ದು, ಕಲ್ಲಿನ ಗೋಮುಖದಿಂದ ನೀರು ಸುರಿಯುತ್ತದೆ. ಇಲ್ಲಿಂದ ಸುಮಾರು 1,400 ಕಿ.ಮೀ. ಹರಿದು ಬಂಗಾಳ ಕೊಲ್ಲಿ ಸೇರುವ ಕೃಷ್ಣೆ ಈ ಬೊಗಸೆ ನೀರಿನಲ್ಲಿದ್ದಾಳೆ. ವರ್ಷಕ್ಕೆ 5,000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಊರಿದು. 2019ರ ಆಗಸ್ಟಿನಲ್ಲಿ ಸಾಂಗ್ಲಿ, ಕೊಲ್ಹಾಪುರದ ಜತೆಗೆ ಚಿಕ್ಕೋಡಿ, ಅಥಣಿ, ಜಮಖಂಡಿಯ ಊರುಗಳನ್ನು ಮುಳುಗಿಸಿದ ನೆರೆಯ ಮೂಲ ಈ ಘಟ್ಟದ ಸಾಲಿನ ಮಳೆಯಲ್ಲೇ ಇತ್ತು.

ಏರಿನಲ್ಲಿ ದಣಿವು, ಇಳಿಜಾರಿನಲ್ಲಿ ಅಪಾಯ

ಘಾಟಿ ರಸ್ತೆಯಲ್ಲಿ ಹೆದರಬೇಕಾದದ್ದು ಏರಿಗಲ್ಲ, ಇಳಿಜಾರಿಗೆ. ಖಂಬಾಟ್ಕಿ ಸುರಂಗ ದಾಟಿ ಪುಣೆ ಕಡೆಗೆ ಇಳಿಯುವಲ್ಲಿನ ತಿರುವಿನಲ್ಲಿ 2018ರ ಏಪ್ರಿಲ್‌ನಲ್ಲಿ ವಾಹನ ಮಗುಚಿ, ವಿಜಯಪುರ ಜಿಲ್ಲೆಯಿಂದ ದುಡಿಮೆಗೆಂದು ಹೊರಟಿದ್ದ ಹದಿನೈದಕ್ಕೂ ಹೆಚ್ಚು ಮಂದಿ ನಸುಕಿನಲ್ಲಿ ಪ್ರಾಣ ಕಳೆದುಕೊಂಡರು. ನಮ್ಮವರೇ ಆದ ಆ ಬಡ ಕಾರ್ಮಿಕರ ನೆನಪು ಈ ದಾರಿ ಹಿಡಿಯುವ ಪ್ರತಿಯೊಬ್ಬರಿಗೂ ಇರಬೇಕು. ಸೈಕಲ್ ಸವಾರರಿಗೆ ಭೋರ್, ಮಾಂಢರದೇವಿ ಮಾರ್ಗವೇ ಲೇಸು ಎನ್ನುವುದಕ್ಕೆ ಇದೇ ಮುಖ್ಯ ಕಾರಣ.

ಇಳಿಯುವಾಗ ಎರಡೂ ಬ್ರೇಕುಗಳನ್ನು ಬಿಟ್ಟು ಬಿಟ್ಟು ಹಿಡಿಯಬೇಕು; ಒಂದೇ ಸಮನೆ ಒತ್ತಿದರೆ ಚಕ್ರದ ಅಂಚು ಕಾದು ಟ್ಯೂಬ್ ಸಿಡಿಯುವ ಸಂಭವವಿದೆ. ವೇಗ ತಗ್ಗಿಸುವುದು ತಿರುವಿಗೆ ಮೊದಲು, ತಿರುವಿನ ನಡುವೆ ಅಲ್ಲ. ಮಳೆಗಾಲದಲ್ಲಿ ಘಾಟಿಗಳಲ್ಲಿ ಮಂಜು, ಪಾಚಿ, ಕಲ್ಲು ಉರುಳುವ ಭಯ ಇರುವುದರಿಂದ ಅಕ್ಟೋಬರಿನಿಂದ ಫೆಬ್ರವರಿಯವರೆಗಿನ ಕಾಲ ಯೋಗ್ಯ. ಹೆಲ್ಮೆಟ್, ಮುಂದೆ ಬಿಳಿ ಹಿಂದೆ ಕೆಂಪು ದೀಪ, ಒಂದು ಹೆಚ್ಚುವರಿ ಟ್ಯೂಬ್, ಪಂಪ್, ಎರಡು ಬಾಟಲಿ ನೀರು, ಬಾಳೆಹಣ್ಣು, ಉಪ್ಪು-ಸಕ್ಕರೆಯ ಪೊಟ್ಟಣ ಇಷ್ಟು ಜತೆಗಿರಲೇಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಮೊದಲು ವೈದ್ಯರ ಸಲಹೆ ಪಡೆಯುವುದು ಒಳಿತು. ಒಂಟಿಯಾಗಿ ಹೋಗುವುದಕ್ಕಿಂತ ನಾಲ್ಕೈದು ಮಂದಿ ಜತೆಗೂಡಿ ಹೋಗುವುದು ಎಲ್ಲ ರೀತಿಯಲ್ಲೂ ಕ್ಷೇಮ.

ಮುಂಬಯಿ ಕಡೆಯವರಿಗೆ

ಮುಂಬಯಿ, ಥಾಣೆ, ನವಿಮುಂಬಯಿಯ ಆಸಕ್ತರಿಗೆ ಖೋಪೋಲಿಯಿಂದ ಖಂಡಾಲ, ಲೋನಾವಳಕ್ಕೆ ಏರುವ ಬೋರಘಾಟ್ ಇದೆ. 1830ರಲ್ಲಿ ವಾಹನ ಸಂಚಾರಕ್ಕೆ ತೆರೆದ ರಸ್ತೆಯಿದು. ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಸೈಕಲ್, ದ್ವಿಚಕ್ರ ವಾಹನಗಳಿಗೆ ಪ್ರವೇಶ ನಿಷಿದ್ಧವಾದ್ದರಿಂದ ಹಳೆಯ ರಸ್ತೆಯನ್ನೇ ಹಿಡಿಯಬೇಕು. ಆಂಗ್ಲರಿಗೆ ಘಾಟಿಯ ದಾರಿ ತೋರಿಸಿದನೆಂದು ಹೇಳಲಾಗುವ ಕುರಿಗಾಹಿ ಶಿಂಗ್ರೋಬನ ಗುಡಿ ದಾರಿಯಲ್ಲೇ ಸಿಗುತ್ತದೆ. ಲೋನಾವಳದಿಂದ ಪವನಾ ಜಲಾಶಯದ ಸುತ್ತಿನ ಕಣಿವೆ ರಸ್ತೆ ರಜಾದಿನಕ್ಕೆ ಹೇಳಿ ಮಾಡಿಸಿದಂತಿದೆ. ಪವನೆಯೂ ಮುಳಾ ನದಿ ಸೇರಿ, ಕೊನೆಗೆ ಭೀಮೆಯಾಗಿ ಕರ್ನಾಟಕ ಮುಟ್ಟುವವಳೇ.

ಇನ್ನೂ ದೂರ ಹೋಗುವ ಉತ್ಸಾಹಿಗಳಿಗೆ ‘ಬ್ರೆವೆ’ ಎಂಬ ಸವಾರಿಗಳಿವೆ. 200 ಕಿ.ಮೀ.ಯನ್ನು ಹದಿಮೂರೂವರೆ ತಾಸಿನಲ್ಲಿ, 300 ಕಿ.ಮೀ.ಯನ್ನು 20 ತಾಸಿನಲ್ಲಿ, 600 ಕಿ.ಮೀ.ಯನ್ನು 40 ತಾಸಿನಲ್ಲಿ ಮುಗಿಸಬೇಕು. ಇಲ್ಲಿ ಮೊದಲನೆಯವರು, ಕೊನೆಯವರು ಎಂಬ ಭೇದವಿಲ್ಲ. ಅವಧಿಯೊಳಗೆ ಬಂದವರೆಲ್ಲರೂ ಗೆದ್ದವರೇ. ಸೈನ್ಯದ ವೈದ್ಯರಾಗಿದ್ದ ಶ್ರೀನಿವಾಸ್ ಗೋಕುಲನಾಥ್ ಅವರು 2017ರಲ್ಲಿ ಅಮೆರಿಕವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ದಾಟುವ ‘ರೇಸ್ ಅಕ್ರಾಸ್ ಅಮೆರಿಕ’ವನ್ನು ಒಂಟಿಯಾಗಿ ಪೂರೈಸಿದ ಪ್ರಥಮ ಭಾರತೀಯರೆನಿಸಿದ್ದು ಇಲ್ಲಿ ಸ್ಮರಣೀಯ.

ಸಂಘಗಳಿಗೊಂದು ಅವಕಾಶ

ನಗರದ ಕನ್ನಡ ಸಂಘಗಳು ವರ್ಷಕ್ಕೊಮ್ಮೆ ವಿಹಾರಕೂಟ, ಕ್ರೀಡೋತ್ಸವ ನಡೆಸುವ ಪರಿಪಾಠವಿದೆ. ಆ ಪಟ್ಟಿಗೆ ಒಂದು ಸೈಕಲ್ ಸವಾರಿಯನ್ನೂ ಸೇರಿಸಿದರೆ ಖರ್ಚು ಅಲ್ಪ, ಲಾಭ ಬಹಳ. ಯುವಕರು ವಾಯಿವರೆಗೆ ಸೈಕಲ್ ತುಳಿಯಲಿ. ಹಿರಿಯರು, ಮಹಿಳೆಯರಲ್ಲಿ ಇಚ್ಛೆಯುಳ್ಳವರು ಖಡಕ್‌ವಾಸ್ಲಾ ದಂಡೆಯಲ್ಲಿ ನಾಲ್ಕು ಕಿ.ಮೀ. ಸುತ್ತಲಿ, ಉಳಿದವರು ಬಸ್ಸಿನಲ್ಲಿ ಊಟ, ನೀರು, ಔಷಧಿಯೊಂದಿಗೆ ಹಿಂದೆ ಬರಲಿ. ಇಲ್ಲೇ ಹುಟ್ಟಿ ಬೆಳೆದು, ಊರಿಗೆ ರಜೆಗಷ್ಟೇ ಹೋಗುವ ಮಕ್ಕಳಿಗೆ ‘ನಮ್ಮ ಊರು ಎಲ್ಲಿ?’ ಎಂಬ ಪ್ರಶ್ನೆಗೆ ನಕ್ಷೆಯಲ್ಲಿ ಬೆರಳಿಡುವುದಕ್ಕಿಂತ, ವಾಯಿಯ ಮೆಟ್ಟಿಲ ಮೇಲೆ ನಿಲ್ಲಿಸಿ ‘ಈ ನೀರು ಹೋಗುವ ಕಡೆ’ ಎಂದು ತೋರಿಸಿದರೆ ಅದು ಬಹುಕಾಲ ನೆನಪಿನಲ್ಲಿ ಉಳಿದೀತು.