ಹಠ ಹಿಡಿದ ಹಬ್ ನಟ್

ಕಾರಿನ ಸಸ್ಪೆನ್ಷನ್ ಕೆಲಸ ಮನೆ ಅಂಗಳದಲ್ಲೇ ಮಾಡ್ತೀನಿ ಅಂತ ಹೊರಟವರನ್ನು ಅರ್ಧ ದಾರಿಯಲ್ಲೇ ನಿಲ್ಲಿಸುವುದು ಹಬ್ ನಟ್. ಚಕ್ರದ ನಟ್ಟುಗಳು ನಾಲ್ಕೈದು ಇರ್ತಾವ, ಪಂಕ್ಚರ್ ಆದಾಗ ಎಲ್ಲರೂ ಬಿಚ್ಚಿರ್ತೀವಿ. ಹಬ್ ನಟ್ ಮಾತ್ರ ಒಂದೇ, ಚಕ್ರದ ನಟ್ಟನಡುವೆ, ಕ್ಯಾಪಿನ ಹಿಂದೆ ಅಡಗಿ ಕೂತಿರುತ್ತದೆ. ಮುಂದಿನ ಚಕ್ರಕ್ಕೆ ಶಕ್ತಿ ಹೋಗುವ ಕಾರುಗಳಲ್ಲಿ ಡ್ರೈವ್ ಶಾಫ್ಟನ್ನು ಹಬ್ಬಿಗೆ ಬಿಗಿದು, ಬೇರಿಂಗನ್ನು ಹಿಡಿದಿಡುವುದು ಅದೇ.

ಹುಮನಾಬಾದಿನ ನಮ್ಮ ಮಾಮಾ ದಿನಾ ಬಸವಕಲ್ಯಾಣಕ್ಕೆ ಕಾರಲ್ಲೇ ಹೋಗಿ ಬರ್ತಾರೆ. 65ನೇ ರಾಷ್ಟ್ರೀಯ ಹೆದ್ದಾರಿ, ಹಿಂದೆ ಮುಂದೆ ಬರೀ ಲಾರಿಗಳು. ಐವತ್ತರ ಸ್ಪೀಡ್ ದಾಟಿದರೆ ಮುಂದಿನ ಚಕ್ರದಿಂದ ಗುಂಯ್ ಅಂತ ಸದ್ದು. ಬಲಕ್ಕೆ ತಿರುಗಿಸಿದಾಗ ಸದ್ದು ಹೆಚ್ಚಾಗ್ತಿತ್ತು. ಬಲಕ್ಕೆ ತಿರುಗುವಾಗ ಭಾರ ಎಡಕ್ಕೆ ಬೀಳುತ್ತದೆ, ಹಾಗಾಗಿ ಅನುಮಾನ ಎಡಗಡೆ ಬೇರಿಂಗ್ ಮೇಲೆ. ಇಂಥ ಬೇರಿಂಗ್ ಪೂರ್ತಿ ಕೈಕೊಟ್ಟರೆ ಚಕ್ರ ಅಲುಗಾಡಿ, ಗಾಡಿ ಹಿಡಿತ ತಪ್ಪುತ್ತದೆ. ಮುಂದೂಡುವ ಮಾತೇ ಇರಲಿಲ್ಲ.

ಬರೀ ಶಾಕ್ ಅಬ್ಸಾರ್ಬರ್ ಅಥವಾ ಲೋವರ್ ಆರ್ಮ್ ಬದಲಿಸುವುದಿದ್ದರೆ ಸಾಮಾನ್ಯವಾಗಿ ಹಬ್ ನಟ್ ಮುಟ್ಟುವ ಗರಜೇ ಇಲ್ಲ. ಬೇರಿಂಗ್, ನಕಲ್, ಡ್ರೈವ್ ಶಾಫ್ಟ್ ಕೆಲಸ ಬಂದಾಗಷ್ಟೇ ಅದರ ಸಹವಾಸ.

ಪಾನಾ ಹಾಕುವ ಮೊದಲು ನಟ್ಟಿನ ಮುಖ ನೋಡಬೇಕು. ಕೆಲವದರಲ್ಲಿ ಕಾಟರ್ ಪಿನ್ ಇರುತ್ತದೆ, ಅದನ್ನು ಎಳೆದು ತೆಗೆದರಾಯ್ತು. ಇನ್ನು ಕೆಲವದರಲ್ಲಿ ನಟ್ಟಿನ ತೆಳು ಅಂಚನ್ನು ಶಾಫ್ಟಿನ ಗಾಡಿಯೊಳಗೆ, ಅಂದರೆ ಅದರ ಉದ್ದುದ್ದ ಸೀಳಿನೊಳಗೆ, ಬಡಿದು ಕೂಡಿಸಿರ್ತಾರೆ. ನಟ್ ತಾನಾಗಿ ತಿರುಗಬಾರದು ಅಂತ. ಸಣ್ಣ ಛೇಣಿಯಿಂದ ಆ ಅಂಚನ್ನು ಮೊದಲು ಮೇಲೆಬ್ಬಿಸಬೇಕು. ಇದು ಬಿಟ್ಟು ಜೋರು ಮಾಡಿದರೆ ಶಾಫ್ಟಿನ ಮರೆಗಳೇ ಹಾಳಾಗುತ್ತವೆ, ನೂರು ರೂಪಾಯಿ ಕೆಲಸ ಸಾವಿರಗಟ್ಟಲೆ ಆಗುತ್ತದೆ. ಮಳೆನೀರು, ಕೆಸರು ಸೇರಿ ತುಕ್ಕು ಹಿಡಿದಿದ್ದರೆ ತಂತಿ ಬ್ರಷ್ಷಿನಿಂದ ತಿಕ್ಕಿ, ತುಕ್ಕು ಬಿಡಿಸುವ ಎಣ್ಣೆ ಹೊಡೆದು ರಾತ್ರಿಯಿಡೀ ಬಿಡಿ. ಬ್ರೇಕ್ ಡಿಸ್ಕಿಗೆ ಮಾತ್ರ ಎಣ್ಣೆ ತಾಗಬಾರದು.

ಕಾರು ನೆಲದ ಮೇಲಿದ್ದಾಗಲೇ ನಟ್ ಸಡಿಲ ಮಾಡಬೇಕು, ಜಾಕ್ ಮೇಲೆ ನಿಂತಾಗಲ್ಲ. ಹ್ಯಾಂಡ್ ಬ್ರೇಕ್, ಗೇರ್, ಹಿಂದಿನ ಚಕ್ರಕ್ಕೆ ಕಲ್ಲು, ಮೇಲೆ ಒಬ್ಬರು ಬ್ರೇಕ್ ತುಳಿದು ಕೂತಿರಬೇಕು. ನಮ್ಮಲ್ಲಿ ಆ ಕೆಲಸ ಅತ್ತಿಯದು. ಒಂದು ಕಾಲು ಬ್ರೇಕ್ ಮೇಲೆ, ಕಿವಿಗೆ ಫೋನು.

ಮಾಮಾ ಪಾನಾದ ತುದಿಗೆ ಸುತ್ಗಿಯಿಂದ ಹೊಡೀಲಿಕ್ಕೆ ಹೊಂಟರು.

"ಮಾಮಾ, ಹೊಡೀಬ್ಯಾಡ್ರಿ. ಪೈಪ್ ಹಾಕೂಣು."

"ಪೈಪ್ ಹಾಕಿದ್ರ ಏನಾಗ್ತದ? ಬಲ ನಂದೇ ಅಲಾ?"

ಬಲ ಅವರದೇ, ಲೆಕ್ಕ ಬೇರೆ. ಚಕ್ರದ ನಟ್ಟುಗಳಿಗೆ 100 ನ್ಯೂಟನ್ ಮೀಟರ್ ಆಸುಪಾಸು ಬಿಗಿತ ಸಾಕು. ಹಬ್ ನಟ್ಟಿಗೆ ಅದರ ದುಪ್ಪಟ್ಟು ಇರುವುದು ಮಾಮೂಲು, ತುಕ್ಕು ಹಿಡಿದರೆ ಬಿಚ್ಚಲಿಕ್ಕೆ ಇನ್ನೂ ಹೆಚ್ಚು ಬೇಕು. 60 ಕಿಲೋ ತೂಕದವರು ಅರ್ಧ ಮೀಟರ್ ಹಿಡಿಕೆಯ ತುದಿಗೆ ಪೂರ್ತಿ ಭಾರ ಹಾಕಿದರೆ ಸುಮಾರು 300 ನ್ಯೂಟನ್ ಮೀಟರ್. ಅದಕ್ಕೇ ಪೈಪ್ ತೂರಿಸಿ ಒಂದು ಮೀಟರ್ ಮಾಡಿದರೆ 600 ಹತ್ತಿರ. ಆದರೆ ಸಾಕೆಟ್ ಆರು ಮೂಲೆಯದೇ ಇರಬೇಕು, ಹನ್ನೆರಡು ಮೂಲೆಯದು ನಟ್ಟಿನ ಮೂಲೆಗಳನ್ನು ಸವೆಸಿಬಿಡುತ್ತದೆ. ಸಾಮಾನ್ಯ ರ್‍ಯಾಟ್ಚೆಟ್‌ಗೆ ಪೈಪ್ ಹಾಕಬೇಡಿ, ಒಳಗಿನ ಹಲ್ಲು ಮುರಿಯುತ್ತವೆ. ಗಟ್ಟಿ ಬ್ರೇಕರ್ ಬಾರ್ ಬೇಕು. ಪೈಪ್ ಜಾರಿದರೆ ಬೀಳುವ ಜಾಗ ಮೊದಲೇ ಖಾಲಿ ಇಟ್ಟುಕೊಂಡು, ಮೇಲೆ ಹಾರಿ ನಿಲ್ಲದೆ ನಿಧಾನಕ್ಕೆ ಭಾರ ಬಿಡಬೇಕು.

ಟಕ್ ಅಂತ ಸದ್ದಾಯ್ತು. ಒಳಗಿದ್ದ ಅತ್ತಿ "ಏನರೆ ಮುರೀತೇನ್ರೋ?" ಅಂದರು. ಮುರಿದಿರಲಿಲ್ಲ, ನಟ್ ಬಿಟ್ಟಿತ್ತು.

ಆಗಲೂ ಬಿಡದಿದ್ದರೆ? ಗ್ಯಾಸ್ ಹಚ್ಚಿ ಕಾಯಿಸುವ ಹುಮ್ಮಸ್ಸು ಬರುತ್ತದೆ. ಬೇರಿಂಗ್ ಉಳಿಸಿಕೊಳ್ಳುವುದಿದ್ದರೆ ಬೇಡ, ಗ್ರೀಸು, ಸೀಲು, ಎಬಿಎಸ್ ಸೆನ್ಸರ್ ಎಲ್ಲ ಹೋಗುತ್ತವೆ. ಇಂಪ್ಯಾಕ್ಟ್ ಗನ್ ಇರುವ ಅಂಗಡಿಗೆ ಗಾಡಿ ಒಯ್ಯುವುದೇ ಜಾಣತನ. ಆದರೆ ನಟ್ ಸಡಿಲ ಮಾಡಿಸಿಕೊಂಡು ಮನೆಗೆ ಓಡಿಸಿಕೊಂಡು ಬರೋ ಹಂಗಿಲ್ಲ. ಬಿಗಿತ ಇಲ್ಲದ ಬೇರಿಂಗ್ ಮೇಲೆ ಕಾರಿನ ಭಾರ ಉರುಳಿದರೆ ಅದು ಅಲ್ಲೇ ಕೆಡುತ್ತದೆ.

ನಟ್ ಬಿಟ್ಟ ಮೇಲೆ ಕಾರು ಎತ್ತಿ, ಸ್ಟ್ಯಾಂಡ್ ಕೊಟ್ಟು, ನಕಲ್ ಇಳಿಸಿದ್ವಿ. ಬೇರಿಂಗ್ ತೆಗೆದು ಕೂಡಿಸಲಿಕ್ಕೆ ಪ್ರೆಸ್ ಬೇಕು, ಅದು ಮನೆ ಕೆಲಸ ಅಲ್ಲ. ನಕಲ್ ಬೈಕಿಗೆ ಕಟ್ಟಿಕೊಂಡು ಬಸವಕಲ್ಯಾಣದ ಆಟೋ ನಗರಕ್ಕೆ ಹೋದೆ. ಲಾರಿ ಕೆಲಸಕ್ಕೆ ಹೆಸರಾದ ಜಾಗ, ಕಾರಿನ ಬೇರಿಂಗ್ ಅವರಿಗೆ ಆಟಿಗೆ ಸಾಮಾನಿದ್ದಂಗ. ಉಸ್ತಾದ್ ಹಳೇ ನಟ್ ಕೈಯಲ್ಲಿ ತಿರುಗಿಸಿ ನೋಡಿ, "ಇದು ಮತ್ತ ಹಾಕಬ್ಯಾಡ್ರಿ, ಹೊಸಾದು ತಗೋರಿ" ಅಂದ. ಬಡಿದು ಕೂಡಿಸುವ ನಟ್ ಒಂದೇ ಸಲಕ್ಕೆ, ಅಂಚು ಎರಡನೇ ಸಲ ಹಿಡಿಯುವುದಿಲ್ಲ.

ಬಿಗಿಯುವಾಗ ಕ್ರಮ ಉಲ್ಟಾ. ಕಾರಿನ ಭಾರ ಹೊಸ ಬೇರಿಂಗ್ ಮೇಲೆ ಬೀಳುವ ಮೊದಲೇ, ಬ್ರೇಕ್ ತುಳಿಸಿ, ಟಾರ್ಕ್ ರೆಂಚಿನಲ್ಲಿ ನಿಮ್ಮ ಮಾಡೆಲ್ಲಿನ ಸರ್ವಿಸ್ ಪುಸ್ತಕ ಹೇಳಿದಷ್ಟೇ ಬಿಗಿಯಬೇಕು, ಆಮೇಲೆ ಅಂಚು ಬಡಿಯಬೇಕು. ಅಂದಾಜು ಬೇಡ: ಕಡಿಮೆಯಾದರೂ ಬೇರಿಂಗ್ ಹೋಗುತ್ತದೆ, ಮಿತಿಮೀರಿದರೂ ಹೋಗುತ್ತದೆ. ಲೋವರ್ ಆರ್ಮಿನ ಬುಷ್ ಬೋಲ್ಟ್ ಸಡಿಲಿಸಿದ್ದರೆ ಅದನ್ನು ಮಾತ್ರ ಕಾರು ನೆಲಕ್ಕಿಳಿದ ಮೇಲೆ ಬಿಗಿಯಿರಿ, ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಐವತ್ತು ನೂರು ಕಿಲೋಮೀಟರ್ ಓಡಿದ ಮೇಲೆ ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ನೋಡಿ, ಆಮೇಲೆ ಕ್ಯಾಪ್ ಹಾಕಿ.